ನಾಲ್ಕೂ ಗಾಲಿ ಹಸಿ

ಒಡೆದ ರೇಡಿಯೇಟರಿಗೆ ಆರುನೂರು, ಸೊಟ್ಟಾದ ಬಂಪರಿಗೆ ನೂರೆಂಬತ್ತು, ಕುಸಿದ ಗೋಡೆಗೆ ನಾನೂರು. ಇದು ಎಂಬತ್ಮೂರನೇ ಇಸವಿಯ ದರ. ದೌಲತರಾಯರ ಎಡಗೈ ಮುರಿದದ್ದು ಬೇರೆ. ಹಿಂದಿನ ದಿನ ಅವರ ಎಣ್ಣೆ ಗಾಣದ ಮುಂದಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ, ಅವರೇ ಓಡಿಸುತ್ತಿದ್ದ ಅಂಬಾಸಿಡರ್ ಕಾರು ನೇರ ಗೋಡೆಗೆ ಗುದ್ದಿತ್ತು.

ಡ್ರೈವರ್ ರಸೂಲನೇ ಬ್ರೇಕ್ ಪೈಪು ಕೊಯ್ದಿದ್ದಾನೆಂದು ಅಫಜಲಪುರದ ಜನ ಆಗಲೇ ತೀರ್ಮಾನಿಸಿದ್ದರು. ಮಗಳ ಲಗ್ನಕ್ಕೆ ನೆಲೋಗಿಗೆ ಹೋದವನು ಎಂಟು ದಿನ ಬಿಟ್ಟು ಬಂದನೆಂದು, ಮೊನ್ನೆಯಷ್ಟೇ ದೌಲತರಾಯರು ಅವನ ಕೆನ್ನೆಗೆ ಬಾರಿಸಿದ್ದರು.

ಪೈಪು ಕೊಯ್ದದ್ದಕ್ಕೊಂದು ಸಾಕ್ಷಿ ಬೇಕಾಗಿ ಮೆಕ್ಯಾನಿಕ್ ದಶರಥನನ್ನು ಕರೆಸಿದ್ದರು. ಅವನಿಗೂ ರಸೂಲನಿಗೂ ಎರಡು ವರ್ಷದಿಂದ ಆಗುತ್ತಿರಲಿಲ್ಲ.

"ಪೈಪ್ ಕೊಯ್ದಾನಂತ ಫೌಜದಾರ್ರ ಮುಂದ ಹೇಳಿಬಿಡು," ಎಂದರು ದೌಲತರಾಯರು. "ನಮ್ಮ ಲಾರಿ, ಟ್ರ್ಯಾಕ್ಟರ್ ಕೆಲ್ಸ ಎಲ್ಲಾ ಇನ್ನ ನಿಂದ."

ಠಾಣೆಯಿಂದ ಬಂದಿದ್ದ ಫೌಜದಾರರು ಕಾರಿನ ಪಕ್ಕ ಪೆನ್ನು ತೆರೆದು ಕುಳಿತಿದ್ದರು.

"ಮೊದಲ ನೋಡ್ತೇನ್ರಿ," ಎಂದ ದಶರಥ.

ಪೇದೆಯ ಪಕ್ಕ ನಿಂತಿದ್ದ ರಸೂಲ ಉಗುಳಿದ. "ಇಂವಗೇನ್ ತಿಳೀತದ್ರಿ? ಸೈಕಲ್ ಪಂಚರ್ ಹಾಕಾಕ ಲಾಯಕ್!"

"ಬಾಯಿ ಮುಚ್ಚಲೇ! ನಿನ್ನ ಸಲುವಾಗಿ ಬಂದಿಲ್ಲ ನಾ."

ದಶರಥ ಕಾರಿನ ಕೆಳಗೆ ತೂರಿದ. ಪೈಪು ಮೊದಲಿಂದ ಕೊನೆಯವರೆಗೆ ಇಡಿಯಾಗಿತ್ತು. ಆದರೆ ನಾಲ್ಕೂ ಗಾಲಿಗಳ ಒಳಮೈ ಹಸಿ! ಒಂದು ಗಾಲಿ ಬಿಚ್ಚಿ, ಜಿನುಗಿದ್ದನ್ನು ಅರಿವೆಗೆ ಒತ್ತಿಕೊಂಡು ಮೂಸಿದ.

"ಒಂದು ಚರಿಗಿ ನೀರು ತರ್ರಿ."

ಅರಿವೆಯನ್ನು ನೀರಿನಲ್ಲಿ ಹಿಂಡಿದ. ಹಳದಿ ಹನಿಗಳು ಮೇಲೆದ್ದು ನಿಂತವು.

"ರಸೂಲ ಇಲ್ಲದಾಗ ಗಾಡಿ ಯಾರ್ ಹೊಡದ್ರಿ?"

"ನಾನ ಹೊಡದೆ," ಎಂದರು ದೌಲತರಾಯರು. "ನನಗ ಬರಂಗಿಲ್ಲೇನು?"

"ಬ್ರೇಕ್ ಹೆಂಗಿತ್ರಿ?"

"ಮೊದಲನೇ ದಿನ ಪೆಡಲ್ ಸ್ವಲ್ಪ ಕೆಳಗ ಹೋಗಾಕತ್ತಿತ್ತು. ಸರಿ ಮಾಡ್ಕೊಂಡೆ."

"ಏನ್ ಹಾಕಿ?"

ದೌಲತರಾಯರು ಮುರಿದ ಕೈಯ ಪಟ್ಟಿ ಸರಿಮಾಡಿಕೊಂಡರು.

"ನಾ ಹೇಳ್ತೇನ್ರಿ," ಎಂದು ದಶರಥ ಫೌಜದಾರರ ಕಡೆ ತಿರುಗಿದ. "ಪೈಪ್ ಕೊಯ್ದಿದ್ರ ಒಂದ ಕಡಿ ಸೋರ್ತಿತ್ತು. ಇಲ್ಲಿ ನಾಲ್ಕೂ ಗಾಲಿ ಸೋರ್ಯಾವ. ಬ್ರೇಕ್ ಆಯಿಲ್ ನೀರಾಗ ಕೂಡಿ ಹೋಗ್ತದ, ಇದು ತೇಲಾಕತ್ತದ. ಮೂಸಿ ನೋಡ್ರಿ, ಕುಸುಬಿ ಎಣ್ಣಿ. ಇದು ಬಿತ್ತಂದ್ರ ಒಳಗಿನ ರಬ್ಬರ್ ಉಬ್ಬಿ ಮೆತ್ತಗಾಗ್ತದ. ಹತ್ತು ದಿನ ತಾಳಿದ್ದ ಹೆಚ್ಚು."

ಗಾಲಿಯೊಳಗಿನ ರಬ್ಬರನ್ನು ಅಂಗೈ ಮೇಲೆ ಇಟ್ಟು ತೋರಿಸಿದ. ನೆನೆಸಿದ ಕಡಲೆಯಂತೆ ಊದಿಕೊಂಡಿತ್ತು.

"ಇಪ್ಪತ್ತು ವರ್ಸದಿಂದ ನಮ್ಮ ಗಾಣದ ಮಷೀನಿಗಿ ಇದ ಎಣ್ಣಿ!" ದೌಲತರಾಯರು ಗುಡುಗಿದರು. "ಒಂದು ಬೇರಿಂಗ್ ಸವದಿಲ್ಲ! ಪ್ಯಾಟಿ ಡಬ್ಬಿ ಆಯಿಲ್‌ಕಿಂತ ಸಾವಿರ ಪಾಲು ಚೊಕ್ಕ!"

"ಆ ಬೇರಿಂಗಿನ್ಯಾಗ ರಬ್ಬರ್ ಇಲ್ರಿ, ಸಾವ್ಕಾರ್ರ. ಬ್ರೇಕ್ ಕೆಡಿಸಿದಂವ ರಸೂಲ ಅಲ್ಲ. ನೀವ."

ಫೌಜದಾರರು ಪೆನ್ನು ಮುಚ್ಚಿದರು.

"ಹೊರಗ ನಡೀರಿ, ಇಬ್ಬರೂ!" ಎಂದರು ದೌಲತರಾಯರು.

ರಸೂಲನಿಗೆ ಠಾಣೆ ತಪ್ಪಿತು, ಕೆಲಸ ಹೋಯಿತು. ಲಾರಿ, ಟ್ರ್ಯಾಕ್ಟರ್ ಹೋಗಲಿ, ಆ ಮನೆಯ ಒಂದು ನಟ್ಟು ಕೂಡ ಮತ್ತೆ ದಶರಥನ ಗ್ಯಾರೇಜಿಗೆ ಬರಲಿಲ್ಲ. ರಸ್ತೆಯಲ್ಲಿ ಎದುರಾದರೆ ರಸೂಲ ಮೊದಲಿನಂತೆಯೇ ಮುಖ ತಿರುಗಿಸುತ್ತಿದ್ದ. ಉಗುಳುವುದನ್ನು ಮಾತ್ರ ಬಿಟ್ಟಿದ್ದ.