ಕಡ್ಡಿಯ ಎರಡು ಜಡೆ

ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಹುಡುಗಿಯರು ಸಾಲಾಗಿ ಹೊರಬಂದಾಗ ಮಹಡಿ ಮೆಟ್ಟಿಲಿನ ಬುಡದಲ್ಲಿ ದೊಡ್ಡಮ್ಮ ಬಿದ್ದಿದ್ದಳು. ಕತ್ತು ಮುರಿದಿತ್ತು. ಇಪ್ಪತ್ತು ವರ್ಷ ಆ ಅನಾಥಾಲಯವನ್ನು ಒಬ್ಬಳೇ ಹೊತ್ತು ನಡೆಸಿದ ಹೆಂಗಸು. ಬೀಗದ ಕೈ ಗೊಂಚಲು ಇನ್ನೂ ಸೊಂಟದಲ್ಲೇ ಇತ್ತು. ಸಾಲಿನ ಕೊನೆಯಲ್ಲಿದ್ದ ಟೀಚರಮ್ಮ ಮುಂದೆ ಓಡಿಬಂದು ಮಕ್ಕಳನ್ನು ಹಿಂದಕ್ಕೆ ಸರಿಸಿದಳು.

ಟೀಚರಮ್ಮ ಮತ್ತು ಅವಳ ಅಣ್ಣ ಅಯ್ಯನವರು ಮೂರು ವರ್ಷದ ಹಿಂದೆ ಕಡಲು ದಾಟಿ ಸೇವೆಗೆಂದು ಬಂದವರು. ಸೇವೆ ಎಂದರೆ ಉಪದೇಶ ಎಂದುಕೊಂಡಿದ್ದಳು, ಪಾಪ. ಸಿಕ್ಕಿದ್ದು ಒದ್ದೆ ಹಾಸಿಗೆ, ಕಜ್ಜಿ, ಕೆಮ್ಮು, ಹೇನು. ಶನಿವಾರವಂತೂ ಮೂವತ್ತೊಂದು ತಲೆಗೂ ಕತ್ತರಿ ಆಡಿಸಿ, ಔಷಧಿ ಹಚ್ಚಿ, ಬಿಳಿ ಬಟ್ಟೆ ಕಟ್ಟುವಷ್ಟರಲ್ಲಿ ಅವಳ ಹೆಬ್ಬೆರಳು ಬೊಬ್ಬೆ ಎದ್ದಿತ್ತು. ಅಯ್ಯನವರದು ಬೇರೆ ಕೆಲಸ. ಊರೂರು ತಿರುಗಿ ಬೆಳೆದ ಹುಡುಗಿಯರಿಗೆ ಒಳ್ಳೆಯ ಮನೆಗಳಲ್ಲಿ ಕೆಲಸ ಹುಡುಕುತ್ತಿದ್ದರು. ಈ ವರ್ಷ ಮೂವರನ್ನು ಕರೆದೊಯ್ದು ಬಿಟ್ಟುಬಂದಿದ್ದರು.

ವಾರದ ತಿರುಗಾಟ ಮುಗಿಸಿ ಅವರು ಮರಳಿದ್ದು ಆ ಬೆಳಿಗ್ಗೆಯೇ, ಪ್ರಾರ್ಥನೆಯ ಗಂಟೆ ಹೊಡೆಯುವಾಗ. ಇನ್ಸ್‌ಪೆಕ್ಟರ್ ಬಂದೊಡನೆ ಕಚೇರಿಯಲ್ಲಿ, ತಂಗಿಯ ಎದುರಿಗೇ ಹೇಳಿಕೆ ಬರೆಸಿದರು.

"ಈ ಕಿಟಕಿಯಿಂದ ಕಣ್ಣಾರೆ ನೋಡಿದೆ. ದಡ್ ಅಂತ ಸದ್ದಾಯ್ತು. ಹಿಂದೇನೇ ಕಡ್ಡಿ ಮೆಟ್ಟಿಲಿಳಿದು ಹಿತ್ತಲಿಗೆ ಓಡಿದಳು. ಎರಡು ಜಡೆ ಬೆನ್ನ ಮೇಲೆ ಹಾರಾಡ್ತಿತ್ತು. ಆ ಹುಡುಗೀನೇ, ಅನುಮಾನವೇ ಇಲ್ಲ."

ಕಡ್ಡಿ ಎಂದರೆ ಹದಿಮೂರು ವರ್ಷದ, ಹೆಸರಿಗೆ ತಕ್ಕ ಮೈಯ ಹುಡುಗಿ. ಶನಿವಾರ ದೊಡ್ಡಮ್ಮನಿಗೆ "ನೀನು ಬಿದ್ದು ಸಾಯಿ" ಎಂದು ಎಲ್ಲರ ಮುಂದೆ ಅಂದಿದ್ದಳು. ಅದಕ್ಕೆ ಶಿಕ್ಷೆಯಾಗಿ ಪ್ರಾರ್ಥನೆಯ ಹೊತ್ತಿಗೆ ಮೇಲಿನ ಕೋಣೆ ಒರೆಸುತ್ತಿದ್ದವಳು ಅವಳೊಬ್ಬಳೇ. ಕಚೇರಿಯ ಕರಿಹಲಗೆಯ ಮೇಲೆ ಹಾಗೆಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಇನ್ನೇನು ಬೇಕು? ಮಧ್ಯಾಹ್ನದೊಳಗೆ ಅವಳನ್ನು ಬಾಲಾಪರಾಧಿಗಳ ಜೈಲಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಅಣ್ಣನ ಮಾತು ಕೇಳುತ್ತ ಟೀಚರಮ್ಮನ ಎದೆಯಲ್ಲಿ ಏನೋ ಚುಚ್ಚಿತ್ತು. ಏನೆಂದು ನೋಡಲು ಅವಳು ಹೋಗಲಿಲ್ಲ.

ಒಗೆಯುವ ಕೋಣೆಯಿಂದ ಬಟ್ಟೆ ಅಜ್ಜಿ ಟೀಚರಮ್ಮನಿಗೆ ಹೇಳಿಕಳಿಸಿದಳು. ಅನಾಥಾಲಯದಲ್ಲಿ ಏನೇ ಕಳೆದರೂ, ಯಾರೇ ಸುಳ್ಳು ಹೇಳಿದರೂ ಪತ್ತೆ ಹಚ್ಚುತ್ತಿದ್ದವಳು ಈ ಅಜ್ಜಿಯೇ. ಅವಳು ಮೂಲೆ ಹಿಡಿದರೆ ಟೀಚರಮ್ಮ ಇನ್ನೊಂದು ಮೂಲೆ ಹಿಡಿದು ದುಪ್ಪಟಿ ಹಿಂಡಬೇಕು. ಹಾಗೆ ಹಿಂಡುತ್ತಲೇ ಇಬ್ಬರೂ ಎಷ್ಟೋ ಕಳ್ಳತನ ಬಿಡಿಸಿದ್ದರು.

"ಅತ್ತಿದ್ದು ಸಾಕು ತಾಯಿ. ಅಯ್ಯನವರು ಏನು ಬರೆಸಿದರು, ಒಂದಕ್ಷರ ಬಿಡದೆ ಹೇಳು."

ಟೀಚರಮ್ಮ ಹೇಳಿದಳು. ಅಜ್ಜಿ ಹಿಂಡುವುದನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳು."

ಮತ್ತೆ ಹೇಳಿದಳು.

"ನಿನಗೇನೂ ಅನಿಸ್ಲಿಲ್ವಾ?"

"ಏನನಿಸಬೇಕು?"

"ಸರಿ ಬಿಡು," ಅಂದಳು ಅಜ್ಜಿ. ಆ ದನಿ ಟೀಚರಮ್ಮನಿಗೆ ಹಿಡಿಸಲಿಲ್ಲ. ಅಜ್ಜಿ ಕೈ ಒರೆಸಿಕೊಂಡು ಮಹಡಿಗೆ ಹೋದಳು. ಸೋಮವಾರ ದಿಂಬಿನ ಚೀಲ ಬದಲಾಯಿಸುವ ದಿನ; ಯಾರು ಸತ್ತರೂ ಅವಳ ಸೋಮವಾರ ತಪ್ಪುತ್ತಿರಲಿಲ್ಲ. ಇಳಿದು ಬಂದಾಗ ಅವಳ ಮುಖ ಕಪ್ಪಿಟ್ಟಿತ್ತು.

ಊಟದ ಹೊತ್ತಿಗೆ ಪೊಲೀಸ್ ವ್ಯಾನು ಗೇಟಿಗೆ ಬಂತು. ಅಜ್ಜಿ ಎಲ್ಲರನ್ನೂ ಊಟದ ಮನೆಯಲ್ಲಿ ಸೇರಿಸಿದ್ದಳು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡ.

"ಅಜ್ಜಿ, ಬೇಗ ಹೇಳಿ ಮುಗಿಸು."

"ಹೇಳೋದೇನಿದೆ ಸ್ವಾಮಿ, ನೀವೇ ಬರಕೊಂಡಿದ್ದೀರಿ. ಎರಡು ಜಡೆ ಅಂತ ಇದೆಯೋ ಇಲ್ವೋ ನೋಡಿ." ಇನ್ಸ್‌ಪೆಕ್ಟರ್ ಕಾಗದ ನೋಡಿ ಹೂಂ ಅಂದ. ಅಜ್ಜಿ ಕಡ್ಡಿಯ ತಲೆಯ ಬಿಳಿ ಬಟ್ಟೆಯನ್ನು ಬಿಚ್ಚಿದಳು. ಬೆರಳಗಲದ ಕೂದಲು, ನಡುವೆ ಅಲ್ಲಲ್ಲಿ ಗಾಯ. "ಜಡೆ ಎಲ್ಲಿದೆ ಸ್ವಾಮಿ? ವಾರವೆಲ್ಲ ಊರಲ್ಲಿಲ್ಲದವರಿಗೆ ಈ ಬಟ್ಟೆ ಕೆಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಇವತ್ತು ಅವರು ಈ ಹುಡುಗೀನ ನೋಡಿದ್ದು ಕರಿಹಲಗೆ ಮೇಲೆ ಮಾತ್ರ."

ಅಯ್ಯನವರು ತಡಬಡಿಸಲಿಲ್ಲ. "ಬೇರೆಯವರದು ಕತ್ತರಿಸಿರಬಹುದು. ಇವಳು ಒಪ್ಪದೆ ಜಗಳ ಆಡಿದ್ದಳಂತೆ. ಇವತ್ತು ಗುರುತು ಮರೆಸೋಕೆ ತಾನೇ ಕತ್ತರಿಸಿಕೊಂಡಿದ್ದಾಳೆ, ಅಷ್ಟೆ."

"ಶನಿವಾರ ಕತ್ತರಿಸಿದ ಕೂದಲೆಲ್ಲ ಸುಟ್ಟಾಗಿದೆಯಂತೆ," ಅಂದ ಇನ್ಸ್‌ಪೆಕ್ಟರ್. "ಮಕ್ಕಳ ಮಾತು ಸಾಕ್ಷಿಗೆ ನಿಲ್ಲಲ್ಲ."

"ಹಾಗಾದರೆ ಕತ್ತರಿ ಹಿಡಿದವರನ್ನೇ ಕೇಳಿ."

ಎಲ್ಲರೂ ಟೀಚರಮ್ಮನ ಕಡೆ ತಿರುಗಿದರು. ಅಪ್ಪ ಅಮ್ಮ ಸತ್ತ ಮೇಲೆ ಅವಳಿಗೆ ಅನ್ನ ಹಾಕಿ, ಓದಿಸಿ, ಕೈ ಹಿಡಿದು ಕಡಲು ದಾಟಿಸಿದ್ದು ಈ ಅಣ್ಣನೇ. "ನೋಡಮ್ಮ," ಎಂದರು ಅವರು ಮೆಲ್ಲಗೆ, "ನೆನಪು ಮಾಡಿಕೊಂಡು ಹೇಳು. ಇವಳು ತಪ್ಪಿಸಿಕೊಂಡಿದ್ದಳಲ್ವಾ?"

ಹೂಂ ಅಂದರೆ ಮುಗಿಯುತ್ತಿತ್ತು. ಅವಳು ಹೆಬ್ಬೆರಳಿನ ಬೊಬ್ಬೆಯನ್ನು ಒತ್ತಿ ಹಿಡಿದಳು.

"ಶನಿವಾರ ಎಲ್ಲರಿಗಿಂತ ಮೊದಲು ಕತ್ತರಿಸಿದ್ದು ಕಡ್ಡಿಯದೇ. ಇಬ್ಬರು ಹಿಡಿದುಕೊಂಡಿದ್ದರು. ಆ ಜಡೆ ನಾನೇ ಒಲೆಗೆ ಹಾಕಿದೆ." ಆಮೇಲೆ ಅಂದಳು, "ಬೆಳಿಗ್ಗೆಯೇ ನನಗೆ ಗೊತ್ತಿತ್ತು, ಅಣ್ಣ."

ಅಜ್ಜಿ ಮಡಿಲಿನಿಂದ ಮೂರು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. "ಇವು ದೊಡ್ಡಮ್ಮನ ದಿಂಬಿನ ಚೀಲದಲ್ಲಿದ್ದವು. ಕೆಲಸಕ್ಕೆ ಹೋದ ಮೂರು ಮಕ್ಕಳಿಗೆ, ಅಯ್ಯನವರು ಕೊಟ್ಟ ವಿಳಾಸಕ್ಕೆ ಬರೆದ ಕಾಗದ. ಅಂಥ ಮನೆಯೇ ಇಲ್ಲ ಅಂತ ಅಂಚೆಯವರು ಮೂರನ್ನೂ ವಾಪಸ್ ಕಳಿಸಿದ್ದಾರೆ. ಇವತ್ತು ಅಯ್ಯನವರು ಬಂದೊಡನೆ ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತು ಕೇಳಿರಬೇಕು, ಮಕ್ಕಳೆಲ್ಲಿ ಅಂತ. ಮೂರರಲ್ಲಿ ಒಬ್ಬಳು ಈ ಕಡ್ಡಿಯ ಅಕ್ಕ. ಅಕ್ಕ ಯಾಕೆ ಕಾಗದ ಹಾಕ್ತಿಲ್ಲ ಅಂತ ಇವಳು ದಿನಾ ಪೀಡಿಸೋಳು. ತಾವು ತಳ್ಳಿದ್ದನ್ನ ಇವಳ ತಲೆಗೆ ಕಟ್ಟಿದರೆ ಆ ಬಾಯಿಗೂ ಬೀಗ ಬೀಳ್ತಿತ್ತು."

ಇನ್ಸ್‌ಪೆಕ್ಟರ್ ಲಕೋಟೆಗಳನ್ನು ತಿರುವಿ ನೋಡಿದ. "ಮಕ್ಕಳನ್ನ ಎಲ್ಲಿಗೆ ಕೊಟ್ರಿ?" ಅಯ್ಯನವರು ಬಾಗಿಲ ಕಡೆ ತಿರುಗಿದರು. ಟೀಚರಮ್ಮ ಹತ್ತಿರ ಹೋಗಿ ಅದನ್ನೇ ಕೇಳಿದಳು. ಅವರು ಅವಳ ಮುಖ ನೋಡಲಿಲ್ಲ. ಕಡ್ಡಿಗೆಂದು ಬಂದಿದ್ದ ವ್ಯಾನಿನಲ್ಲೇ ಅವರನ್ನು ಹತ್ತಿಸಿದರು.

ಕಡ್ಡಿ ಬೆಂಚಿನ ಮೇಲೆ ಕೂತೇ ಇದ್ದಳು. ಟೀಚರಮ್ಮ ಪಕ್ಕದಲ್ಲಿ ಕೂತಳು. ಅಕ್ಕ ಹೊರಟ ದಿನ ಅವಳನ್ನು ಅಯ್ಯನವರ ಜೊತೆ ನಗುನಗುತ್ತ ಬಸ್ಸಿಗೆ ಹತ್ತಿಸಿದ್ದು ತಾನೇ.

"ಅವತ್ತು ಅಕ್ಕ ನನಗೆ ಎರಡು ಜಡೆ ಹಾಕಿ ಹೋಗಿದ್ದಳು," ಅಂದಳು ಕಡ್ಡಿ. "ಬರೋವರೆಗೂ ಕತ್ತರಿಸಬೇಡ ಅಂದಿದ್ದಳು. ಈಗ ಬಂದರೆ ನನ್ನ ಗುರುತು ಹಿಡೀತಾಳಾ ಟೀಚರಮ್ಮ?"

ಟೀಚರಮ್ಮ ಆ ತಲೆಗೆ ಬಿಳಿ ಬಟ್ಟೆ ಮತ್ತೆ ಕಟ್ಟತೊಡಗಿದಳು. ಗಂಟು ಕೂರಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು.

"ಅವಳು ಬರೋ ಹೊತ್ತಿಗೆ ಬೆಳೆದಿರುತ್ತೆ, ಬಿಡು," ಅಂದಳು.