ನಾಲ್ಕು ಬೆರಳು ದಾರ

“ನೆಟ್ಟಗ ನಿಂದ್ರು. ಗ್ವಾಡಿಗೆ ಬೆನ್ನು ಹಚ್ಚು. ಈ ತುದಿ ನೀನ ಟೊಂಕಕ್ಕ ಹಿಡ್ಕೊ,” ಎಂದಳು ಲಿಂಗಕ್ಕಜ್ಜಿ.

ನಾಗಜ್ಯೋತಿ ಕಪ್ಪು ಉಣ್ಣೆ ದಾರದ ತುದಿಯನ್ನು ಸೊಂಟಕ್ಕೆ ಒತ್ತಿ ಹಿಡಿದಳು. ಅಜ್ಜಿ ಇನ್ನೊಂದು ತುದಿ ಹಿಡಿದು ಕೆಳಗೆ ಬಗ್ಗಿದಳು.

ಅಜ್ಜಿಯ ಬೆರಳು ನೆಲ ಮುಟ್ಟುವ ಮುಂಚೆಯೇ, ಉದ್ದ ಲಂಗದ ಒಳಗೆ ಜ್ಯೋತಿಯ ಎರಡೂ ಹಿಮ್ಮಡಿಗಳು ಮೆಲ್ಲಗೆ ಮೇಲೆದ್ದವು.

ಅಜ್ಜಿಗೆ ಅದು ಕಾಣಲಿಲ್ಲ. ದಾರ ನೆಲ ಮುಟ್ಟಿದ ಕಡೆ ಒಂದು ಗಂಟು ಹಾಕಿದಳು. “ಅಬ್ಬಬ್ಬಾ, ಇಷ್ಟುದ್ದ ಕಾಲು ಯಾವಾಗ ಬಂದ್ವು?” ಎಂದು ನಕ್ಕಳು.

ದಾರ ಬೇಕಾಗಿದ್ದು ಸೈಕಲ್ಲಿಗೆ. ಜ್ಯೋತಿಯ ಹೈಸ್ಕೂಲು ಇರುವುದು ಆಸ್ಪರಿಯಲ್ಲಿ, ಐದು ಕಿಲೋಮೀಟರ್ ದೂರ. ಆಟೊ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಕುರಿಮರಿ ಮಾರಿ ಮೂರು ಸಾವಿರ ತೆಗೆದಿಟ್ಟಿದ್ದರು. ಅಷ್ಟಕ್ಕೆ ಹೊಸ ಸೈಕಲ್ ಬರುವುದಿಲ್ಲ. ಅಪ್ಪ ಮಾರೆಪ್ಪ ಆದೋನಿಯ ಮೇಸ್ತ್ರಿ ದುರುಗಣ್ಣನಿಗೆ ಫೋನ್ ಮಾಡಿದ್ದ. ಹಳೇ ಸಾಮಾನು, ಹೊಸ ಸಾಮಾನು ಕೂಡಿಸಿ ಸೈಕಲ್ ಕಟ್ಟಿಕೊಡುವುದು ಅವನ ಕೆಲಸ.

“ದಾರಿ ಎಂಥಾದು?” ಎಂದು ಕೇಳಿದ್ದ ದುರುಗಣ್ಣ. ಸ್ಪೀಕರಿನಲ್ಲಿ ಅವನ ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು.

“ಅರ್ಧ ಡಾಂಬರು, ಅರ್ಧ ಎರೆಹೊಲದ ದಾರಿ.”

“ಹಂಗಾದ್ರ ಮಡ್‌ಗಾರ್ಡ್ ಎತ್ತರಕ್ಕ ಕೂಡಸ್ತೀನಿ. ಇಲ್ಲಂದ್ರ ಮಳಿ ಬಂದಾಗ ಎರೆಮಣ್ಣು ಸಿಕ್ಕೊಂಡು ಗಾಲಿ ತಿರುಗಂಗಿಲ್ಲ. ಜಾಲಿಮುಳ್ಳು ಭಾಳ, ಟೈರು ಟ್ಯೂಬು ಹೊಸಾವ ಇರಲಿ. ಬ್ಯಾಗಿಗೆ ಗಟ್ಟಿ ಕ್ಯಾರಿಯರ್.”

“ಗೇರು?” ಜ್ಯೋತಿ ನಡುವೆ ಬಾಯಿ ಹಾಕಿದ್ದಳು.

“ಗೇರ್ ಯಾಕಮ್ಮಾ? ನಿಮ್ಮ ದಾರ್‍ಯಾಗ ಗುಡ್ಡ ಎಲ್ಲೈತಿ? ಆ ರೊಕ್ಕಕ್ಕ ಒಳ್ಳೇ ಬ್ರೇಕು ಬರ್ತಾವ. ಇನ್ನ ಫ್ರೇಮು. ಹಳೇವು ಎರಡು ಅದಾವ. ಕೆಂಪಂದು ಎತ್ತರ, ನೀಲಿದು ಗಿಡ್ಡ. ಯಾವುದು ಅಂತ ಕಾಲಿನ ಅಳತಿ ಹೇಳ್ತೈತಿ. ಟೇಪು ಬ್ಯಾಡ, ಒಬ್ಬೊಬ್ರು ಒಂದೊಂದು ಥರ ಓದ್ತಾರ. ದಾರ ಕಳಸ್ರಿ.”

ಕೆಂಪು ಅಂದ ಕೂಡಲೇ ಜ್ಯೋತಿಯ ಮನಸ್ಸು ಅಲ್ಲಿಗೆ ಹೋಗಿಬಿಟ್ಟಿತ್ತು. ಅಜ್ಜಿಯ ಕತೆಗಳಲ್ಲಿ ರಾಜಕುಮಾರಿಯರ ಕುದುರೆ ಯಾವಾಗಲೂ ಎತ್ತರವೇ. ಗಿಡ್ಡ ಕುದುರೆ ಒಂದು ಕತೆಯಲ್ಲೂ ಬಂದಿರಲಿಲ್ಲ. ಮೇಲಾಗಿ ಅವಳ ಕ್ಲಾಸಿನ ಉದಯ ತನ್ನ ಅಣ್ಣನ ದೊಡ್ಡ ಸೈಕಲ್ ಹತ್ತಿ ಬರುತ್ತಿದ್ದ. ಅವಳನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಏ ಗಿಡ್ಡಿ!” ಅಷ್ಟೇ.

ಗುರುವಾರ ಆಟೊದ ಮೇಲೆ ಸೈಕಲ್ ಬಂತು. ಕೆಂಪು ಸೈಕಲ್. ಹೊಸ ಬೆಲ್ ಬಿಸಿಲಿಗೆ ಹೊಳೆಯುತ್ತಿತ್ತು.

ಜ್ಯೋತಿ ಕಟ್ಟೆ ಹಿಡಿದು ಹತ್ತಿದಳು. ಮೇಲಿದ್ದ ಪೆಡಲ್ ತುಳಿದಳು. ಅದು ಕೆಳಗೆ ಹೋಯಿತು, ಕಾಲು ಅದರ ಹಿಂದೆ ಹೋಗಲಿಲ್ಲ. ಸೈಕಲ್ ಒಂದು ಸುತ್ತು ಹಾಕಿ ಶೇಂಗಾ ಹೊಟ್ಟಿನ ರಾಶಿಯಲ್ಲಿ ಮಲಗಿತು. ಜ್ಯೋತಿಯೂ ಮಲಗಿದಳು.

ಸೀಟು ಇಳಿಸಲು ಜಾಗವೇ ಇರಲಿಲ್ಲ. ಅಪ್ಪನಿಗೆ ಸಿಟ್ಟು ಬಂತು. ಫೋನ್ ಹಚ್ಚಿದ. “ಏನ್ ದುರುಗಣ್ಣ, ಕಣ್ಣು ಎಲ್ಲಿಟ್ಟು ಕಟ್ಟೀಯಪ್ಪಾ? ಹುಡುಗಿ ಕಾಲೇ ಎಟಕವಲ್ವು!”

“ಅಣ್ಣಾ, ನಿಮ್ಮ ದಾರ ಹ್ಯಾಂಡಲ್‌ಗೆ ಕಟ್ಟಿ ಕಳಿಸೀನಿ. ಇಟ್ಟು ನೋಡು.”

ಅಪ್ಪ ದಾರ ಬಿಚ್ಚಿ ಸೀಟಿನಿಂದ ಪೆಡಲ್ ತನಕ ಹಿಡಿದ. ಗಂಟು ಸರಿಯಾಗಿ ಪೆಡಲ್ ಮೇಲೆ ಕೂತಿತು.

ಅಜ್ಜಿ ಗಂಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. “ಮೇಸ್ತ್ರಿನ್ನ ಬೈಬ್ಯಾಡ. ನನ್ನ ಕಣ್ಣು ಹೋದ್ವಪಾ.”

ಊರಿನಲ್ಲಿ ತೊಟ್ಟಿಲಿಗೆ ಹಗ್ಗ ಅಳೆಯುವುದಿದ್ದರೂ, ಕಂಬಳಿಯ ಉದ್ದ ಗೊತ್ತು ಮಾಡುವುದಿದ್ದರೂ ಲಿಂಗಕ್ಕಜ್ಜಿಯ ದಾರವೇ ಬೇಕು. ಅಜ್ಜಿ ಆ ದಾರದ ಉಂಡೆಯನ್ನು ಒಯ್ದು ಗೋಡೆಯ ಮಾಡದೊಳಗಿಟ್ಟಳು, ಹಿಂದಕ್ಕೆ ತಳ್ಳಿ ಇಟ್ಟಳು.

ಸಂಜೆ ಪಕ್ಕದ ಮನೆಯ ಶಿವಲಕ್ಷ್ಮಿ ಬಂದಳು. “ಅತ್ತೀ, ಕೂಸಿನ ತೊಟ್ಲಿಗೆ ಹಗ್ಗ ಅಳದು ಕೊಡು ಬಾ.”

“ಬ್ಯಾರೇರ ಕೈಲಿ ಅಳಸ್ಕೊ ತಾಯಿ,” ಎಂದಳು ಅಜ್ಜಿ. “ನಾ ಅಳದಿದ್ದು ಈಗ ಹೊಂದವಲ್ದು.”

ಶಿವಲಕ್ಷ್ಮಿ ಅರ್ಥವಾಗದೆ ಹೊರಟುಹೋದಳು. ಜ್ಯೋತಿ ಬಾಗಿಲ ಹತ್ತಿರ ಹೋಮ್‌ವರ್ಕ್ ಬರೆಯುತ್ತಿದ್ದಳು. ಪೆನ್ಸಿಲ್ ಒಂದೇ ಕಡೆ ನಿಂತಿತ್ತು.

ಅವಳು ಎದ್ದು ಮಾಡದೊಳಗೆ ಕೈ ಹಾಕಿ ಉಂಡೆ ತಂದಳು. ಗೋಡೆಗೆ ಬೆನ್ನು ಹಚ್ಚಿದಳು. ಲಂಗವನ್ನು ಮೊಣಕಾಲಿನ ತನಕ ಎತ್ತಿ ಹಿಡಿದಳು.

“ಅಜ್ಜೀ, ಇನ್ನೊಮ್ಮೆ ಅಳಿ.”

“ಯಾಕ?”

“ಈ ಸಲ ಹಿಮ್ಮಡಿ ನೋಡಿ ಅಳಿ.”

ಅಜ್ಜಿ ಆ ಎರಡು ಪಾದಗಳನ್ನು ನೋಡಿದಳು. ಆಮೇಲೆ ಬಗ್ಗಿ ಅಳೆದು ಗಂಟು ಹಾಕಿದಳು. ಹೊಸ ದಾರ, ಹಳೇ ದಾರ ಎರಡನ್ನೂ ಜೋಡಿಸಿ ಹಿಡಿದಳು. ಹಳೆಯದು ನಾಲ್ಕು ಬೆರಳು ಹೆಚ್ಚಿತ್ತು. ಆ ತುಂಡನ್ನು ಹಲ್ಲಿನಿಂದ ಕಡಿದು ಮೊಮ್ಮಗಳ ಅಂಗೈಯಲ್ಲಿಟ್ಟಳು.

“ಹಂಗಾದ್ರ ನನ್ನ ಕಣ್ಣು ಇನ್ನೂ ಅದಾವ,” ಎಂದಳು. “ಓಡು, ಶಿವಲಕ್ಷ್ಮಿನ್ನ ಕರ್‍ಕೊಂಡು ಬಾ.”

ಅಪ್ಪನಿಗೂ ಆ ರಾತ್ರಿ ಊಟದ ಹೊತ್ತಿಗೆ ಜ್ಯೋತಿಯೇ ಹೇಳಿದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮತ್ತೆ ಮುರಿದ. “ಐತಾರ ನೀನೂ ಬಾ ಆದೋನಿಗೆ,” ಎಂದನಷ್ಟೇ.

ಭಾನುವಾರ ಆದೋನಿಯಲ್ಲಿ ದುರುಗಣ್ಣ ಹೊಸ ದಾರ ನೋಡಿದ. ಜ್ಯೋತಿಯ ಕಾಲು ನೋಡಿದ. ಗಾಲಿ, ಬ್ರೇಕು, ಮಡ್‌ಗಾರ್ಡ್, ಕ್ಯಾರಿಯರ್ ಎಲ್ಲ ಅವೇ. ಫ್ರೇಮು ಮಾತ್ರ ನೀಲಿಯದು, ಅಲ್ಲಲ್ಲಿ ಬಣ್ಣ ಹೋದದ್ದು. “ಬಿಚ್ಚಿ ಕಟ್ಟಿದ್ದಕ್ಕ ಕೂಲಿ ಆಗ್ತೈತಮ್ಮಾ. ಬೆಲ್ ವಾಪಸ್ ತಗೊಂತೀನಿ, ಸರೇನಾ?”

“ಸರೆ,” ಎಂದಳು ಜ್ಯೋತಿ. ಬೆಲ್ ಇದ್ದ ಜಾಗದಲ್ಲಿ ನಾಲ್ಕು ಬೆರಳು ದಾರವನ್ನು ಕಟ್ಟಿದಳು.

ಸೋಮವಾರ ಬೆಳಿಗ್ಗೆ ಉದಯ ಹಿಂದಿನಿಂದ ಬಂದು ಜೊತೆಗೂಡಿದ. “ಗಿಡ್ಡಿಗೆ ಗಿಡ್ಡ ಸೈಕಲ್!” ಎಂದು ಕೂಗಿದ. ಜ್ಯೋತಿ ತುಳಿಯುತ್ತಲೇ ಇದ್ದಳು. ಪೆಡಲ್ ಕೆಳಗೆ ಹೋದಾಗ ಕಾಲೂ ಹೋಗುತ್ತಿತ್ತು.

ಡಾಂಬರು ರೋಡ್ ಸೇರುವಲ್ಲಿ ಕುರಿಹಿಂಡು ಅಡ್ಡ ಬಂತು. ಜ್ಯೋತಿ ಬ್ರೇಕ್ ಹಿಡಿದಳು. ಎರಡೂ ಕಾಲು ನೆಲಕ್ಕೆ ಇಳಿದವು.

“ಬೆಲ್ ಬಾರ್ಸಲೇ!” ಎಂದ ಉದಯ.

“ಬೆಲ್ ಇಲ್ಲ.”

ಉದಯ ನಿಲ್ಲಲಿಲ್ಲ. ಅವಳ ಸುತ್ತ ಒಂದು ಸುತ್ತು ಹಾಕಿದ, ಇನ್ನೊಂದು ಹಾಕಿದ. ಅವನ ಕಣ್ಣು ಮಾತ್ರ ಅವಳ ಪಕ್ಕದ ಕಿಲೋಮೀಟರ್ ಕಲ್ಲಿನ ಮೇಲಿತ್ತು. ಜ್ಯೋತಿ ಅವನ ಕಾಲು ನೋಡಿದಳು. ಪೆಡಲ್ ಮುಟ್ಟುತ್ತಿದ್ದುದು ಬರೀ ಹೆಬ್ಬೆರಳು. ಹಿಮ್ಮಡಿ ಗಾಳಿಯಲ್ಲಿತ್ತು; ಕಾಲೂರಲು ಕಲ್ಲು ಸಿಗದೆ ಅವನು ನಿಲ್ಲುವಂತಿರಲಿಲ್ಲ.

‘ನೀನೂ ಗಿಡ್ಡನ’ ಎಂಬ ಮಾತು ಬಾಯಿಗೆ ಬಂದು ಅಲ್ಲೇ ಉಳಿಯಿತು. ಅವಳು ಸೈಕಲ್ ಎರಡು ಹೆಜ್ಜೆ ಮುಂದಕ್ಕೆ ತಳ್ಳಿಕೊಂಡು ಜಾಗ ಬಿಟ್ಟಳು.

“ಕಲ್ಲು ಇಲ್ಲೈತಿ, ಬಾ,” ಎಂದಳು.