ನಲವತ್ತೇಳನೇ ಪ್ರಶ್ನೆ

"ಈ ಉತ್ತರಗಳನ್ನ ಟೈಪ್ ಮಾಡಿದ್ದು ಯಾರು?"

ರಸಾಯನಶಾಸ್ತ್ರದ ಗೈಡ್ ಪ್ರೆಸ್ಸಿನ ಮೇಜಿನ ಮೇಲೆ ದೊಪ್ಪನೆ ಬಿತ್ತು. ಟೈಪ್ ಮಾಡುತ್ತಿದ್ದ ಹುಡುಗಿ ಕೀಬೋರ್ಡಿನಿಂದ ತಲೆಯೆತ್ತಿದಳು. ಎದುರು ನಿಂತಿದ್ದ ಯುವಕನ ಬಲಗೆನ್ನೆ ಸುಟ್ಟು ಸುಕ್ಕಾಗಿತ್ತು. ಬಲಗಣ್ಣು ಮುಚ್ಚಿಹೋಗಿತ್ತು.

"ನಲವತ್ತೇಳನೇ ಪ್ರಶ್ನೆ. ತೆಳು ಮಾಡೋವಾಗ ನೀರಿಗೆ ಆಸಿಡ್ ಹಾಕ್ಬೇಕಾ, ಆಸಿಡ್‌ಗೆ ನೀರಾ? ನಿಮ್ಮ ಪುಸ್ತಕದಲ್ಲಿ ಉತ್ತರ ಉಲ್ಟಾ ಇದೆ. ಬ್ಯಾಟರಿ ಅಂಗಡಿಗೆ ಸೇರಿದ ಮೊದಲ ವಾರ, ಅದನ್ನೇ ನಂಬಿ ಆಸಿಡ್‌ಗೆ ನೀರು ಸುರಿದೆ. ಕುದ್ದು ಮುಖಕ್ಕೇ ಸಿಡೀತು."

ಪ್ರೆಸ್ಸಿನ ಯಜಮಾನ ಕೈ ಹಿಸುಕಿಕೊಂಡ. "ಟೈಪ್ ಮಾಡಿದ್ದವಳು ಕೆಲಸ ಬಿಟ್ಟು ಹೋದ್ಲಪ್ಪ."

ಹಸಿ ಸುಳ್ಳು! ಅವಳು ಮೂರಡಿ ದೂರದಲ್ಲೇ ಕೂತಿದ್ದಳು. ಬೆರಳುಗಳ ವೇಗ ನೋಡಿ ಯಜಮಾನನೇ 'ಮಿಂಚು' ಎಂದು ಹೆಸರಿಟ್ಟ ಹುಡುಗಿ. ಆ ಪುಟವನ್ನೂ ಹಾಗೇ ಸರಸರನೆ ಮುಗಿಸಿ, ತಿರುಗಿ ನೋಡದೆ ಮನೆಗೆ ಹೋಗಿದ್ದಳು.

"ಜಗಳಕ್ಕೆ ಬಂದಿಲ್ಲ. ತಿದ್ದಿಸಿ, ಅಷ್ಟೇ. ಎರಡು ತಿಂಗಳಲ್ಲಿ ಸರ್ಕಾರಿ ಕೆಲಸದ ಪರೀಕ್ಷೆ, ನನ್ನ ವಯಸ್ಸಿಗೆ ಇದೇ ಕೊನೇ ಅವಕಾಶ. ಉಳಿದ ಕಣ್ಣೂ ಮಂಜು... ಓದಿ ಹೇಳೋರು ಯಾರಾದ್ರೂ ಗೊತ್ತಾ?"

"ನಾನು ಓದ್ತೀನಿ," ಎಂದುಬಿಟ್ಟಳು ಮಿಂಚು.

ದಿನಾ ಊಟದ ಬಿಡುವಿನಲ್ಲಿ, ಪ್ರೆಸ್ಸಿನ ಹಿಂದಿನ ಮೆಟ್ಟಿಲ ಮೇಲೆ ಓದು. ಲಿಟ್ಮಸ್ಸು, ತುಕ್ಕು, ಪರಮಾಣು ಸಂಖ್ಯೆ...

"ಸೋಡಿಯಂನ ಯಾಕೆ ಸೀಮೆಎಣ್ಣೇಲಿ ಇಡ್ತಾರೆ?" ಅವಳು ಕೇಳಿದಳು.

"ನೀರು ಸೋಕಿದ್ರೆ ಸಾಕು, ಹೊತ್ತಿ ಉರಿಯುತ್ತೆ. ನಮ್ಮಕ್ಕನ ಥರ!"

ಅವನ ಜೊತೆ ಅವಳೂ ನಗುತ್ತಿದ್ದಳು. ಮನೆಗೆ ಹೋಗಿ ಅಳುತ್ತಿದ್ದಳು.

ಒಂದು ದಿನ ಅವನೇ ಬಾಯಿಬಿಟ್ಟ. "ನೀವು ಸಿಕ್ಕಮೇಲೆ ಬದುಕಬೇಕು ಅನ್ನಿಸ್ತಿದೆ. ನನ್ನ ಮದುವೆ ಆಗ್ತೀರಾ?"

"ಬೇಡ... ಆಗಲ್ಲ!"

"ನನ್ನ ಮುಖ ನೋಡಿ, ಅಲ್ವಾ?" ಅವನು ಕರವಸ್ತ್ರದಿಂದ ಕೆನ್ನೆ ಮುಚ್ಚಿಕೊಂಡ.

ಸುಮ್ಮನಿದ್ದರೆ ಅವಳು ಪಾರಾಗುತ್ತಿದ್ದಳು. ಆದರೆ ಅವನು ಸಾಯುವ ತನಕ ತನ್ನ ಮುಖವನ್ನೇ ಹಳಿದುಕೊಳ್ಳುತ್ತಿದ್ದ!

"ಮುಖ ಅಲ್ಲ... ಆ ಉತ್ತರ ಟೈಪ್ ಮಾಡಿದ್ದು ನಾನು."

ಅವನು ಎದ್ದ. ಅವಳು ಚಾಚಿದ ಕೈಯನ್ನು ತಳ್ಳಿ, ಗೋಡೆ ಹಿಡಿದುಕೊಂಡು ಹೊರಟುಹೋದ.

ಹನ್ನೊಂದು ದಿನ ಬರಲಿಲ್ಲ. ಮಿಂಚು ಈಗ ಒಂದೊಂದು ಉತ್ತರವನ್ನೂ ಮೂರು ಸಲ ನೋಡುತ್ತಿದ್ದಳು. "ಏನಮ್ಮಾ, ಆಮೆ ಆಗ್ಬಿಟ್ಟೆ!" ಎಂದು ಯಜಮಾನ ರೇಗಿಸಿದರೂ ತಲೆಯೆತ್ತಲಿಲ್ಲ. ಮಧ್ಯಾಹ್ನ ಮಾತ್ರ ಗೈಡ್ ಹಿಡಿದು ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

ಹನ್ನೆರಡನೇ ದಿನ ಅವನು ಗೋಡೆ ಸವರಿಕೊಂಡು ಬಂದ. ಒಂದು ಮೆಟ್ಟಿಲು ಕೆಳಗೆ ಕೂತ.

"ನಲವತ್ತೇಳನೇ ಪ್ರಶ್ನೆ ಓದಿ."

ಅವಳು ಗೈಡ್ ತೆರೆದಳು. ಓದಿದಳು.

"ಉತ್ತರ?"

"ನೀರಿಗೆ ಆಸಿಡ್... ಸ್ವಲ್ಪ ಸ್ವಲ್ಪವಾಗಿ, ಕಲಕ್ತಾ."

"ಯಾಕೆ?"

"ಆಸಿಡ್‌ಗೆ ನೀರು ಸುರಿದ್ರೆ, ಆ ಬಿಸಿಗೆ ನೀರು ತಟ್ಟಂತ ಕುದ್ದು ಸಿಡಿಯುತ್ತೆ."

ಅವನು ಸುಟ್ಟ ಕೆನ್ನೆ ಸವರಿಕೊಂಡ.

"ಕೋಪ ಇನ್ನೂ ಇದೆ," ಎಂದ. "ಕಣ್ಣಂತೂ ವಾಪಸ್ ಬರಲ್ಲ. ಕೋಪ ಪೂರ್ತಿ ಹೋಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ಬೈಯಿರಿ. ಎಷ್ಟು ದಿನ ಬೇಕಾದ್ರೂ ಬೈಯಿರಿ. ಎದ್ದು ಮಾತ್ರ ಹೋಗ್ಬೇಡಿ!"

ಅವನು ತಡಕಾಡಿ ಅವಳ ಕೈ ಹಿಡಿದ. ಆ ಉತ್ತರ ಒತ್ತಿದ್ದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಬಿಡಲಿಲ್ಲ.

"ನಲವತ್ತೆಂಟು ಓದು," ಎಂದ. "ನಿಧಾನವಾಗಿ..."